ಗಡಿ ದಾಟಿದ ಧಾಟಿ

ಆಂಧ್ರದ ಆದೋನಿಯ ಸುತ್ತಲಿನ ಹಳ್ಳಿಗಳಲ್ಲಿ ಭಜನೆ ಹಾಡುವವರ ಹತ್ತಿರ ಒಂದು ನೋಟುಬುಕ್ಕು ಇರುತ್ತದೆ. ರಟ್ಟು ಹರಿದಿರುತ್ತದೆ, ಅಂಚುಗಳು ಎಣ್ಣೆ ಕೈ ತಾಗಿ ಕಪ್ಪಾಗಿರುತ್ತವೆ, ಯಾರೋ ದಾರ ಹಾಕಿ ಮತ್ತೆ ಹೊಲಿದಿರುತ್ತಾರೆ. ಅದರ ಒಳಗೆ ಪ್ರತಿ ಪದದ ತಲೆಯ ಮೇಲೆ ಒಂದು ಸಾಲು ತಪ್ಪದೆ ಇರುತ್ತದೆ: ಧಾಟಿ ಇಂಥದ್ದು. ಪದ ಉರುಕುಂದದ ಈರಣ್ಣ ದೇವರ ಮೇಲೆ, ಧಾಟಿ ರಾಜಕುಮಾರ್ ಅವರ ಹಳೆಯ ಚಿತ್ರದ್ದು. ಪದ ಮಂತ್ರಾಲಯದ ರಾಯರ ಮೇಲೆ, ಧಾಟಿ ಘಂಟಸಾಲ ಹಾಡಿದ್ದು. ಪದ ಹಸನ್ ಹುಸೇನರ ಮೇಲೆ, ಧಾಟಿ ಮೊಹಮ್ಮದ್ ರಫಿಯದು. ಪದ ಕನ್ನಡದ್ದೇ ಆದರೂ ಬರೆದ ಅಕ್ಷರ ಎಷ್ಟೋ ಕಡೆ ತೆಲುಗು. ಬರೆದುಕೊಂಡವನು ಓದಿದ್ದು ತೆಲುಗು ಶಾಲೆಯಲ್ಲಿ, ಮಾತಾಡುವುದು ಅವ್ವನ ಕನ್ನಡ. ಕಲಿತ ಅಕ್ಷರದಲ್ಲಿ ಬರೆದು, ಹುಟ್ಟಿದ ಮಾತಿನಲ್ಲಿ ಹಾಡುತ್ತಾನೆ. ಅವನಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ಇಂಥ ಪುಸ್ತಕಗಳನ್ನು ನೋಡುತ್ತ ಬಂದ ನನಗೆ, ಹೋದ ಕಾಲದ ಜನಪ್ರಿಯ ಗಾಯಕರ ಬಗ್ಗೆ ನಾವು ಮಾತಾಡುವ ರೀತಿ ಅರೆಬರೆಯದು ಅನಿಸತೊಡಗಿತು. ಎಷ್ಟು ಸಾವಿರ ಹಾಡು ಹಾಡಿದರು, ಎಷ್ಟು ಪ್ರಶಸ್ತಿ ಬಂದವು, ಯಾವ ನಾಯಕನಿಗೆ ದನಿಯಾದರು ಎಂದು ಲೆಕ್ಕ ಹಾಕುತ್ತೇವೆ. ಮದರಾಸಿನ ಸ್ಟುಡಿಯೊದಲ್ಲಿ ಒಂದು ಮಧ್ಯಾಹ್ನ ಮುದ್ರಣಗೊಂಡ ಹಾಡು ಮುಂದೆ ಯಾರ ಯಾರ ಬಾಯಿಗೆ ಬಿತ್ತು, ಅಲ್ಲಿ ಏನಾಯಿತು ಎಂದು ಕೇಳುವುದಿಲ್ಲ. ಆದೋನಿಯ ಕಡೆಯ ನೋಟುಬುಕ್ಕುಗಳು ಇಟ್ಟಿರುವುದು ಆ ಎರಡನೆಯ ಲೆಕ್ಕವನ್ನು.

ಈ ಸೀಮೆಯ ಇತಿಹಾಸ ಗೊತ್ತಿದ್ದರೆ ಆ ಲೆಕ್ಕದ ಬೆಲೆ ತಿಳಿಯುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪದಂಥ ತಾಲ್ಲೂಕುಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆದೋನಿ, ಆಲೂರುಗಳನ್ನು ಕರ್ನೂಲು ಜಿಲ್ಲೆಗೆ ಸೇರಿಸಿದರು. ಕಚೇರಿಯ ಭಾಷೆ ಬದಲಾಯಿತು, ಬಸ್ಸಿನ ಬೋರ್ಡು ಬದಲಾಯಿತು, ಶಾಲೆಗಳು ನಿಧಾನಕ್ಕೆ ಬದಲಾದವು. ಇವತ್ತಿಗೂ ಹೊಳಗುಂದ, ಕೌತಾಳಂ, ಕೋಸಿಗಿ, ಆಲೂರಿನ ಕಡೆ ಮನೆಮಾತು ಕನ್ನಡವಾದ ಊರುಗಳಿವೆ, ಅಲ್ಲಲ್ಲಿ ಕನ್ನಡ ಶಾಲೆಗಳೂ ಉಳಿದಿವೆ. ಆದೋನಿ ಪೇಟೆಗೆ ಬಂದರೆ ಹತ್ತಿ ವ್ಯಾಪಾರಕ್ಕೆ ನೆಲೆಸಿದ ಮಾರವಾಡಿಗಳ ಹಿಂದಿ, ಕೋಟೆಯ ಕೆಳಗಿನ ಓಣಿಗಳ ಉರ್ದು, ಅಂಗಡಿಯ ತೆಲುಗು, ಸಂತೆಯ ಕನ್ನಡ ಎಲ್ಲ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಇಂಥ ಊರಿನಲ್ಲಿ ಕಿವಿಗೆ ಬಿದ್ದ ಹಾಡನ್ನು ಇದು ನಮ್ಮದು, ಅದು ಅವರದು ಎಂದು ಬೇರ್ಪಡಿಸಿ ಕೇಳುವವರು ಯಾರು?

ಕಿವಿಗೆ ಬೀಳುವ ದಾರಿಗಳೂ ಗಡಿಯನ್ನು ಲೆಕ್ಕಿಸಲಿಲ್ಲ. ಧಾರವಾಡದ ಆಕಾಶವಾಣಿ 1950ರಲ್ಲಿ ಶುರುವಾಯಿತು, ವಿಜಯವಾಡದ್ದು 1948ರಲ್ಲಿ. ಹಗಲು ಹೊತ್ತು ಮಧ್ಯಮ ತರಂಗದ ಅಲೆಗಳನ್ನು ಆಕಾಶದ ಒಂದು ಕೆಳಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದ ನೆಲದ ಮೇಲೆ ಬಂದು ಬೀಳುತ್ತವೆ. ಹಾಗಾಗಿ ಮಧ್ಯಾಹ್ನ ಗೊರಗೊರ ಅನ್ನುತ್ತಿದ್ದ ರೇಡಿಯೊ ರಾತ್ರಿ ಊಟದ ಹೊತ್ತಿಗೆ ಧಾರವಾಡವನ್ನೂ ಬೆಂಗಳೂರನ್ನೂ ಹಿಡಿಯುತ್ತಿತ್ತು. 1952ರಲ್ಲಿ ಕೇಂದ್ರದ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಚಿತ್ರಗೀತೆಗಳಿಂದ ದೂರ ಸರಿದಾಗ ಜನ ರೇಡಿಯೊ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. ಅಲ್ಲಿ ಹಿಂದಿಯ ಬಿನಾಕಾ ಗೀತಮಾಲೆಯ ಜೊತೆಗೆ ತೆಲುಗು, ಕನ್ನಡ ಹಾಡುಗಳೂ ಬರುತ್ತಿದ್ದವು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ ಮೇಲೆ ಆ ಹಾಡುಗಳು ಮನೆಗೆ ಹಿಂತಿರುಗಿದವು. ಹೋಟ್ಲಿನ ರೇಡಿಯೊ ಎಲ್ಲರಿಗೂ ಕೇಳುವಷ್ಟು ಜೋರಾಗಿ ಹಾಡುತ್ತಿತ್ತು. ಒಂದು ಚಾ ಕುಡಿದು ಎರಡು ಹಾಡು ಕೇಳಿ ಏಳುವುದು ಹತ್ತಿ ಮಾರಲು ಬಂದ ರೈತರ ಪದ್ಧತಿ.

ಟಾಕೀಸುಗಳದ್ದು ಇನ್ನೊಂದು ದಾರಿ. ಆಟ ಶುರುವಾಗುವ ಮುಂಚೆ ಮೇಲಿನ ಹಾರ್ನಿನಲ್ಲಿ ದೇವರ ಹಾಡು ಹಾಕುವ ರೂಢಿ ಇತ್ತು. ಘಂಟಸಾಲ ಅವರ ‘ನಮೋ ವೆಂಕಟೇಶ’ ಕೇಳಿದರೆ ಆಟಕ್ಕೆ ಹೊತ್ತಾಯಿತು ಎಂದು ಅರ್ಥ. ಅದು ತೆಲುಗು ಹಾಡು. ಆದರೆ ಬಳ್ಳಾರಿ, ರಾಯಚೂರಿನ ಕಡೆಯ ಟೆಂಟುಗಳಲ್ಲೂ ಅದೇ ಹಾಡು ಕನ್ನಡ ಚಿತ್ರಕ್ಕೆ ಬಾಗಿಲು ತೆರೆಯುತ್ತಿತ್ತು. ಯಾರಿಗೂ ಅದು ಪರಭಾಷೆ ಅನ್ನಿಸಲಿಲ್ಲ.

ಅನ್ನಿಸುವುದಕ್ಕೆ ಕಾರಣವೂ ಇರಲಿಲ್ಲ, ಯಾಕೆಂದರೆ ಆ ದಶಕಗಳ ಕನ್ನಡದ ದನಿಗಳೇ ಬಹುಪಾಲು ತೆಲುಗು ಮನೆಗಳಿಂದ ಬಂದವು. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್ ಸುಮಾರು ಎರಡು ದಶಕ ರಾಜಕುಮಾರ್ ಅವರ ಹಾಡುವ ದನಿಯಾಗಿದ್ದರು. ವಿಜಯನಗರಂನ ಪಿ. ಸುಶೀಲಾ, ಆಗಿನ ಗುಂಟೂರು ಜಿಲ್ಲೆಯ ಎಸ್. ಜಾನಕಿ ಕನ್ನಡದ ತಾಯಂದಿರಿಗೆ, ಪ್ರೇಯಸಿಯರಿಗೆ, ದೇವಿಯರಿಗೆ ದನಿ ಕೊಟ್ಟರು. ನೆಲ್ಲೂರು ಕಡೆಯ ಎಸ್.ಪಿ. ಬಾಲಸುಬ್ರಹ್ಮಣ್ಯಂ 1966ರಲ್ಲಿ ತೆಲುಗಿನಲ್ಲಿ ಹಾಡಲು ಶುರುಮಾಡಿ, ಮರುವರ್ಷವೇ ‘ನಕ್ಕರೆ ಅದೇ ಸ್ವರ್ಗ’ ಚಿತ್ರದಿಂದ ಕನ್ನಡಕ್ಕೆ ಬಂದರು. ಆ ಚಿತ್ರದ ಹಾಡುಗಳಿಗೆ ರಾಗ ಕೂಡಿಸಿದ ಎಂ. ರಂಗರಾವ್ ಅವರದೂ ತೆಲುಗು ಮನೆ, ಇನ್ನೊಬ್ಬ ಸಂಗೀತ ನಿರ್ದೇಶಕ ಸತ್ಯಂ ಅವರದೂ ತೆಲುಗು ಮನೆ. 1956ರ ‘ಓಹಿಲೇಶ್ವರ’ದಲ್ಲಿ ಘಂಟಸಾಲ ಅವರೇ ಕನ್ನಡದಲ್ಲಿ ಹಾಡಿದ್ದಾರೆ. ಈ ಕೊಡುಕೊಳ್ಳುವಿಕೆ ಆ ಕಡೆಗೂ ನಡೆದಿದೆ. 1954ರಲ್ಲಿ ‘ಬೇಡರ ಕಣ್ಣಪ್ಪ’ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆದಾಗ ಅಲ್ಲಿಯೂ ರಾಜಕುಮಾರ್ ಅವರೇ ಕಣ್ಣಪ್ಪ. ಅವರ ಬಾಳಿನ ಒಂದೇ ಒಂದು ತೆಲುಗು ಚಿತ್ರ ಅದು. ಮೊಹಮ್ಮದ್ ರಫಿ 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ಕನ್ನಡದಲ್ಲಿ ಹಾಡಿದರು, 1969ರ ‘ಭಲೇ ತಮ್ಮುಡು’ ಚಿತ್ರಕ್ಕೆ ತೆಲುಗಿನಲ್ಲಿ ಹಾಡಿದರು. ಆದೋನಿಯ ಓಣಿಯಲ್ಲಿ ರಫಿಯನ್ನು ಮೂರು ಮನೆಯವರು ಮೂರು ಭಾಷೆಯಲ್ಲಿ ತಮ್ಮವನೆಂದು ಹೇಳಿಕೊಳ್ಳಬಹುದಿತ್ತು.

ಮೈಸೂರು, ಬೆಂಗಳೂರಿನಲ್ಲಿ ಈ ಗಾಯಕರ ಊರುಕೇರಿಯ ವಿಚಾರ ಒಂದು ಮಾಹಿತಿ ಅಷ್ಟೆ. ಗಡಿಯಲ್ಲಿ ಬದುಕುವವರಿಗೆ ಅದು ದೊಡ್ಡ ಧೈರ್ಯ. ಮನೆಯಲ್ಲಿ ಒಂದು ಮಾತು, ಹೊರಗೆ ಒಂದು ಮಾತು ಆಡುವವನನ್ನು ಎರಡೂ ರಾಜಧಾನಿಗಳು ಸ್ವಲ್ಪ ಅನುಮಾನದಿಂದಲೇ ನೋಡುತ್ತವೆ. ಅಲ್ಲಿಗೆ ಹೋದರೆ ಇವನ ತೆಲುಗಿನಲ್ಲಿ ಕನ್ನಡ, ಇಲ್ಲಿಗೆ ಬಂದರೆ ಇವನ ಕನ್ನಡದಲ್ಲಿ ತೆಲುಗು. ಅಂಥವನ ಕಿವಿಗೆ, ತೆಲುಗು ತಾಯಿಯ ಮಗನೊಬ್ಬ ಕನ್ನಡವನ್ನು ಇಷ್ಟು ತಿಳಿಯಾಗಿ ಹಾಡಬಲ್ಲ ಎಂಬ ಸಂಗತಿ ದಿನಾ ರೇಡಿಯೊದಿಂದ ಬರುತ್ತಿತ್ತು. ಎರಡು ಭಾಷೆ ಇದ್ದರೆ ಒಂದಾದರೂ ಕೆಡಲೇಬೇಕು ಎಂಬ ಮಾತನ್ನು ಆ ದನಿಗಳು ಸುಳ್ಳು ಮಾಡಿದವು. ಭಾಷಣದಿಂದ ಸಿಗದ ಈ ಭರವಸೆ ಹಾಡಿನಿಂದ ಸಿಕ್ಕಿತು ಎಂದು ನಾನು ನಂಬುತ್ತೇನೆ.

ಸಿನಿಮಾ ಬರುವುದಕ್ಕೆ ಬಹಳ ಮುಂಚೆಯೂ ಈ ನೆಲಕ್ಕೆ ಹಾಡು ಹೀಗೆಯೇ ನಡೆದು ಬಂದಿತ್ತು. ತುಂಗಭದ್ರೆಯ ಆಚೆ ದಡ ರಾಯಚೂರು, ಈಚೆ ದಡ ಕರ್ನೂಲಿನ ಪಶ್ಚಿಮ ಭಾಗ. ಆಚೆಯ ಮಾನ್ವಿ ಸೀಮೆಯಲ್ಲಿ ವಿಜಯದಾಸರು, ಜಗನ್ನಾಥದಾಸರು ಹುಟ್ಟಿದರು. ಈಚೆಯ ಮಂಚಾಲೆಯಲ್ಲಿ, ಅಂದರೆ ಇಂದಿನ ಮಂತ್ರಾಲಯದಲ್ಲಿ, 1671ರಲ್ಲಿ ರಾಘವೇಂದ್ರ ಸ್ವಾಮಿಗಳು ವೃಂದಾವನಸ್ಥರಾದರು. ಆ ಊರನ್ನು ಅವರಿಗೆ ಬಿಟ್ಟುಕೊಟ್ಟವನು ಆದೋನಿಯ ಸಿದ್ದಿ ಮಸೂದ್ ಖಾನ್ ಎಂದು ಮಠದ ಐತಿಹ್ಯ ಹೇಳುತ್ತದೆ. ದಾಸರ ಪದಗಳು ಹೊಳೆ ದಾಟಿ ಬಂದು ಮನೆಗಳ ಹೆಣ್ಣುಮಕ್ಕಳ ಬಾಯಲ್ಲಿ ನೆಲೆಸಿದವು. 1966ರಲ್ಲಿ ‘ಮಂತ್ರಾಲಯ ಮಹಾತ್ಮೆ’ ಚಿತ್ರದಲ್ಲಿ ರಾಜಕುಮಾರ್ ರಾಯರಾಗಿ ಕಾಣಿಸಿಕೊಂಡರು. ಕನ್ನಡನಾಡು ಅದನ್ನು ಒಂದು ಪುಣ್ಯಕ್ಷೇತ್ರದ ಕಥೆಯಾಗಿ ನೋಡಿತು. ಆದೋನಿ ತಾಲ್ಲೂಕಿನವರು ತಮ್ಮ ಪಕ್ಕದೂರಿನ ಕಥೆಯಾಗಿ ನೋಡಿದರು. ಆಮೇಲೆ ಭೀಮಸೇನ ಜೋಶಿಯವರ ದಾಸವಾಣಿ, ರಾಜಕುಮಾರ್ ತಾವೇ ಹಾಡಿದ ರಾಯರ ಹಾಡುಗಳು, ವಿದ್ಯಾಭೂಷಣರ ದೇವರನಾಮಗಳು ಮಂತ್ರಾಲಯದ ಅಂಗಡಿಬೀದಿಯಿಂದ ಬುಟ್ಟಿಗಟ್ಟಲೆ ಕ್ಯಾಸೆಟ್ಟುಗಳಾಗಿ ಹಳ್ಳಿಗಳಿಗೆ ಹೋದವು. ಆಂಧ್ರದ ಒಂದು ಊರು ಕನ್ನಡ ಹಾಡಿನ ದೊಡ್ಡ ಪೇಟೆಯಾಗಿ ನಿಂತದ್ದನ್ನು ನಾವು ಸಾಕಷ್ಟು ಗಮನಿಸಿಲ್ಲ.

ರಂಗಭೂಮಿಯ ಕಥೆಯೂ ಇದೇ. ತಾಡಪತ್ರಿಯಲ್ಲಿ ಹುಟ್ಟಿದ ಬಳ್ಳಾರಿ ರಾಘವ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ನಟಿಸಿದವರು. ಅವರ ಒಡನಾಟದಲ್ಲಿ ಬೆಳೆದ ಜೋಳದರಾಶಿ ದೊಡ್ಡನಗೌಡರು ಗಮಕಿಯಾಗಿ, ನಟರಾಗಿ ಈ ಸೀಮೆಗೆಲ್ಲ ಹೆಸರಾದರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರ ಅವರ ರಂಗಗೀತೆಗಳನ್ನು ಕೇಳಿದವರು ಅವನ್ನು ಮರೆಯುವುದಿಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರ ಮನೆಮಾತು ತೆಲುಗು. ಬುರ್ರಕಥೆ ಹೇಳುತ್ತ ಕನ್ನಡದಲ್ಲಿ ಅವರು ನೆನಪಿನಿಂದ ಹಾಡಿದ ಜನಪದ ಕಾವ್ಯಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪುಸ್ತಕ ಮಾಡಿತು, ನಾಡೋಜ ಎಂದು ಗೌರವಿಸಿತು. 2014ರಲ್ಲಿ ಅವರು ತೀರಿಕೊಂಡಾಗ ಕನ್ನಡದ ಒಂದು ದೊಡ್ಡ ಕಾವ್ಯಭಂಡಾರ ಹೋಯಿತು ಎಂದು ನಾಡೇ ಮರುಗಿತು. ಅವರ ದನಿಗೂ ಪಿ.ಬಿ. ಶ್ರೀನಿವಾಸರ ದನಿಗೂ ನಡುವೆ ಬಹಳ ದೂರವಿದೆ. ಆದರೆ ಇಬ್ಬರೂ ಒಂದೇ ಕೆಲಸ ಮಾಡಿದರು. ಒಂದು ಮನೆಯಲ್ಲಿ ಹುಟ್ಟಿ, ಪಕ್ಕದ ಮನೆಯ ಮಾತನ್ನು ತಮ್ಮದು ಮಾಡಿಕೊಂಡು, ಅದನ್ನು ಆ ಮನೆಯವರಿಗೇ ತುಂಬಿ ಕೊಟ್ಟರು.

ಹೀಗೆ ಬಂದ ಹಾಡು ಊರಿನಲ್ಲಿ ಏನು ಮಾಡಿತು? ನಾನು ಹುಡುಗನಾಗಿದ್ದಾಗ ಭಜನೆ ಕಲಿಸುತ್ತಿದ್ದ ಒಬ್ಬ ತಾತ ಹೇಳುತ್ತಿದ್ದ ಮಾತು ನೆನಪಿದೆ: “ತಮ್ಮಾ, ಮೊದ್ಲು ಶಬ್ದ ಹಿಡೀಬ್ಯಾಡ, ಧಾಟಿ ಹಿಡಿ. ಧಾಟಿ ಕೈಗೆ ಬಂದ್ರ ಶಬ್ದ ತಾನಾಗೇ ಬರ್ತಾವ.” ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಹಾರ್ಮೋನಿಯಂ ಕರಿ ಎರಡರಲ್ಲಿ ಸುತಿ ಹಿಡಿದು, ದಮ್ಮಡಿ ಬಡಿಯುವವನ ಕಡೆ ಒಮ್ಮೆ ನೋಡಿದರೆ ಸಾಕು, ಹಾಡು ಎದ್ದು ನಿಲ್ಲುತ್ತಿತ್ತು. ಸಿನಿಮಾದಲ್ಲಿ ನಾಯಕ ನಾಯಕಿಯನ್ನು ನೆನೆದು ಹಾಡಿದ ಧಾಟಿ ಅವರ ಬಾಯಲ್ಲಿ ಗುರುವನ್ನು ನೆನೆಯುವ ಪದವಾಗುತ್ತಿತ್ತು. ಸಿನಿಮಾ ನೋಡದವರೂ ಆ ಧಾಟಿಯನ್ನು ಬಲ್ಲವರಾಗುತ್ತಿದ್ದರು.

ಆ ಕಾಲದ ಹಾಡುಗಳು ಹೀಗೆ ಬಾಯಿಂದ ಬಾಯಿಗೆ ಹೋಗುವುದಕ್ಕೆ ಅವುಗಳ ಕಟ್ಟಡದಲ್ಲೇ ಕಾರಣವಿತ್ತು. ಒಂದೆರಡು ಮೈಕುಗಳ ಮುಂದೆ ಗಾಯಕರೂ ವಾದ್ಯದವರೂ ಒಟ್ಟಿಗೆ ನಿಂತು ಒಂದೇ ಸಲಕ್ಕೆ ಹಾಡಿ ಮುಗಿಸಬೇಕಾದ ದಿನಗಳು ಅವು. ಹಾಡಿನ ಭಾರವೆಲ್ಲ ರಾಗದ ಮೇಲೆ, ಮಾತಿನ ಮೇಲೆ ಇರುತ್ತಿತ್ತು. ಪಲ್ಲವಿ ಚಿಕ್ಕದು, ಎರಡನೆಯ ಸಲ ಕೇಳಿದಾಗಲೇ ನೆನಪಿಗೆ ನಿಲ್ಲುವಂಥದು. ಚರಣಗಳು ಒಂದೇ ಅಚ್ಚಿನವು, ಒಂದು ಕಲಿತರೆ ಉಳಿದವೂ ಬಂದಂತೆ. ನಡೆ ಬಹುಪಾಲು ಕೆಹರವಾ, ದಾದ್ರಾ ತಾಳದ್ದು. ಅದು ಹಳ್ಳಿಯ ಡಗ್ಗ, ದಮ್ಮಡಿಗೆ ಮೊದಲೇ ಗೊತ್ತಿದ್ದದ್ದು. ನಡುವೆ ಪಿಟೀಲು, ಕೊಳಲು ಬರುವ ಜಾಗದಲ್ಲಿ ಭಜನೆಯ ಹಿಮ್ಮೇಳಕ್ಕೆ ಜಾಗ ಸಿಗುತ್ತಿತ್ತು. ಗಾಯಕರ ದನಿಯೂ ಒಂದು ಕಾರಣ. ಘಂಟಸಾಲ ಅವರ ಎತ್ತರದ ಪದ್ಯಗಳನ್ನು ಮುಟ್ಟಲು ನಾಟಕದ ಕಂಠವೇ ಬೇಕು. ಪಿ.ಬಿ. ಶ್ರೀನಿವಾಸರು ಮಂದ್ರದಲ್ಲಿ, ಮಾತಾಡಿದಷ್ಟು ಮೆಲ್ಲಗೆ ಹಾಡಿದರು. ಹೊಲದಲ್ಲಿ ದುಡಿದು ಬಂದು, ದನಿ ಒಡೆದುಕೊಂಡ ಗಂಡಸೂ ಅವರ ಜೊತೆ ಸೇರಿಕೊಳ್ಳಬಹುದು. ಎಲ್ಲರ ಕೈಗೆಟಕುವಂತೆ ಹಾಡುವುದು ಸಣ್ಣ ಸಾಧನೆಯಲ್ಲ. ಜಾಣತನ ತೋರಿಸುವ ಕಂಠಕ್ಕೆ ಚಪ್ಪಾಳೆ ಸಿಗುತ್ತದೆ, ಜಾಗ ಬಿಟ್ಟುಕೊಡುವ ಕಂಠಕ್ಕೆ ಜೊತೆದನಿಗಳು ಸಿಗುತ್ತವೆ.

ಹಾಡಲು ಹೊತ್ತುಗಳೂ ಇದ್ದವು. ಶ್ರಾವಣ ಬಂದರೆ ಉರುಕುಂದಕ್ಕೆ ಕರ್ನಾಟಕದ ಕಡೆಯಿಂದಲೂ ಜನ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಈರಣ್ಣನ ಪದಗಳು. ಅದೇ ತಿಂಗಳು ಗುಡಿಗಳಲ್ಲಿ, ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಪಂಚಾಕ್ಷರ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು ಪುರಾಣದ ಜೊತೆಗೆ ಹಾಡಲು ಊರೂರಿಗೆ ಹೋಗುವುದು ಉತ್ತರ ಕರ್ನಾಟಕಕ್ಕೆಲ್ಲ ಗೊತ್ತಿರುವ ಸಂಗತಿ. ಅದೇ ಪಂಚಾಕ್ಷರ ಗವಾಯಿಗಳ ಮೇಲಿನ 1995ರ ಕನ್ನಡ ಚಿತ್ರದಲ್ಲಿ ಹಾಡಿ, ಎಸ್‌ಪಿಬಿ ರಾಷ್ಟ್ರಪ್ರಶಸ್ತಿ ಪಡೆದರು. ಮೊಹರಮ್ಮಿನಲ್ಲಿ ಪೀರಲ ದೇವರು ಕೂತ ರಾತ್ರಿಗಳಲ್ಲಿ ಹಿಂದೂ ಮುಸಲ್ಮಾನರೆನ್ನದೆ ಒಂದೇ ಮೇಳ ಕಟ್ಟಿ ಕರ್ಬಲದ ಕಥೆಯನ್ನು ಕನ್ನಡದಲ್ಲಿ ಹಾಡುತ್ತಾರೆ. ಆ ರಿವಾಯತ್ ಪದಗಳಲ್ಲೂ ಸಿನಿಮಾ ಧಾಟಿಗಳು ಸೇರಿಕೊಂಡಿವೆ. ಸುಗ್ಗಿ ಮುಗಿದರೆ ನಾಟಕ. ಪೌರಾಣಿಕವೋ ಸಾಮಾಜಿಕವೋ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಇದ್ದು, ಹಗಲು ನೇಗಿಲು ಹಿಡಿದವನಿಗೆ ರಾತ್ರಿ ಹಾಡು ಹೇಳಿಕೊಡುತ್ತಿದ್ದರು. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಸಾಲು ಹಿಡಿದು ಹೋಗುತ್ತ ಜಾನಕಿಯವರ ಹಾಡಿಗೆ ತಮ್ಮ ಅತ್ತೆ, ಮೈದುನರ ಮಾತು ಸೇರಿಸಿ ಹಾಡಿದ್ದನ್ನು ನಾನು ಕೇಳಿದ್ದೇನೆ. ಮೂಲ ಹಾಡಿಗಿಂತ ಅದರಲ್ಲಿ ಜೀವ ಹೆಚ್ಚಿತ್ತು.

ಹಾಡಿನ ಈ ಎರಡನೆಯ ಬದುಕು ಈಗ ತೆಳುವಾಗಿದೆ. ಮೊದಲನೆಯ ಕಾರಣ ಹೊಟ್ಟೆಪಾಡಿನದು. ಕರ್ನೂಲಿನ ಪಶ್ಚಿಮದ ಈ ಮಂಡಲಗಳು ಮಳೆಯನ್ನೇ ನಂಬಿದವು. ಹತ್ತಿ, ಶೇಂಗಾ ಕೈಕೊಟ್ಟರೆ ಗುಳೆ ಹೋಗುವುದು ಬಿಟ್ಟು ಬೇರೆ ದಾರಿ ಇಲ್ಲ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲಿಕ್ಕೆ ಗಂಡ ಹೆಂಡತಿ ಮಕ್ಕಳು ಒಟ್ಟಿಗೇ ಹೋಗುತ್ತಾರೆ. ಹೀಗೆ ಊರಿಗೆ ಊರೇ ಖಾಲಿಯಾಗುವ ತಿಂಗಳುಗಳಲ್ಲಿ ತಾಳ ಹಾಕುವವನು ಒಂದು ಕಡೆ, ದಮ್ಮಡಿಯವನು ಇನ್ನೊಂದು ಕಡೆ. ಮೇಳ ಅನ್ನುವುದು ಕೂಡಿದಾಗ ಮಾತ್ರ ಇರುವಂಥದ್ದು. ಕೂಡದೆ ಹೋದ ವರ್ಷ ಅದು ಇಲ್ಲವೇ ಇಲ್ಲ. ಭಜನೆ ನಿಂತದ್ದಕ್ಕೆ ಹುಡುಗರ ಅಸಡ್ಡೆಯನ್ನು ದೂರುವವರು ಮೊದಲು ಈ ಮನೆಬಾಗಿಲುಗಳಿಗೆ ಬಿದ್ದ ಬೀಗಗಳನ್ನು ನೋಡಬೇಕು.

ಎರಡನೆಯ ಕಾರಣ ಕೇಳುವ ಸಾಧನದ್ದು. ಹೋಟ್ಲಿನ ರೇಡಿಯೊ ಹತ್ತು ಜನರಿಗೆ ಹಾಡಿತು. ಎಂಬತ್ತರ ದಶಕದ ಟೇಪ್ ರೆಕಾರ್ಡರ್ ಒಂದು ಮನೆಗೆ ಹಾಡಿತು. ಕೈಯಲ್ಲಿರುವ ಫೋನು ಒಂದು ಕಿವಿಗೆ ಹಾಡುತ್ತದೆ. ಸಾಧನ ಚಿಕ್ಕದಾದಂತೆ ಹಾಡಿನ ಸಂಗ್ರಹ ದೊಡ್ಡದಾಯಿತು. ಈಗ ಯಾವ ದಶಕದ ಯಾವ ಹಾಡು ಬೇಕಾದರೂ ಕ್ಷಣದಲ್ಲಿ ಸಿಗುತ್ತದೆ. ಯಾವಾಗ ಬೇಕಾದರೂ ಸಿಗುವ ಹಾಡನ್ನು ಬಾಯಿಪಾಠ ಮಾಡುವ ಅಗತ್ಯ ಉಳಿಯುವುದಿಲ್ಲ. ಮೊದಲು ಒಂದು ಹಾಡು ಮತ್ತೆ ಯಾವಾಗ ಬರುತ್ತದೋ ಎಂಬ ಆತಂಕದಿಂದಲೇ ಜನ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಕೊರತೆ ಒಳ್ಳೆಯದು ಎಂದು ನಾನು ಹೇಳಲಾರೆ. ಆದರೆ ಕೊರತೆ ನಮ್ಮಿಂದ ಮಾಡಿಸುತ್ತಿದ್ದ ಕೆಲಸವನ್ನು ಇನ್ನು ಮೇಲೆ ನಾವೇ ಮನಸ್ಸಿಟ್ಟು ಮಾಡಬೇಕಾಗಿದೆ.

ಆ ಕೆಲಸ ಮಾಡಿದ ದೂರದ ಒಂದು ನಾಡು ಇಲ್ಲಿ ನನಗೆ ನೆನಪಾಗುತ್ತದೆ. ಫಿಲಿಪೀನ್ಸ್ ದೇಶದ ಗಾಯಕರು, ವಾದ್ಯವೃಂದದವರು ಒಂದು ಕಾಲದಲ್ಲಿ ಏಷ್ಯಾದ ಹೋಟೆಲು, ಕ್ಲಬ್ಬುಗಳಲ್ಲಿ ಅಮೆರಿಕದ ಹಾಡುಗಳನ್ನು ಹಾಡುವುದರಲ್ಲಿ ಹೆಸರುವಾಸಿ. ಪರರ ಧಾಟಿಯನ್ನು ಪರರಂತೆಯೇ ಹಾಡಬಲ್ಲವರು ಎಂಬುದೇ ಅವರಿಗೆ ಸಿಗುತ್ತಿದ್ದ ಹೊಗಳಿಕೆ. ಎಪ್ಪತ್ತರ ದಶಕದಲ್ಲಿ ಹಾಟ್‌ಡಾಗ್, ವಿಎಸ್‌ಟಿ ಅಂಡ್ ಕಂಪನಿಯಂಥ ಬ್ಯಾಂಡುಗಳು ಆ ಪಾಶ್ಚಾತ್ಯ ಧಾಟಿಗಳಿಗೆ ಮನಿಲಾ ನಗರದ ಬೆರಕೆ ಮಾತನ್ನೇ ಹಾಕಿ, ಟಗಾಲೊಗ್, ಇಂಗ್ಲಿಷ್ ಎರಡನ್ನೂ ಒಂದೇ ಸಾಲಿನಲ್ಲಿ ಹಾಡಿದವು. ಅದಕ್ಕೆ ಮನಿಲಾ ಸೌಂಡ್ ಎಂದೇ ಹೆಸರಾಯಿತು. 1978ರಲ್ಲಿ ಫ್ರೆಡ್ಡಿ ಅಗಿಲಾರ್ ಎಂಬ ಗಾಯಕ ಗಿಟಾರು ಹಿಡಿದು ದಾರಿ ತಪ್ಪಿದ ಮಗನ ಬಗ್ಗೆ ಟಗಾಲೊಗ್ ಭಾಷೆಯಲ್ಲಿ ‘ಅನಕ್’ ಹಾಡಿದಾಗ ಅದು ಸಮುದ್ರ ದಾಟಿ ಎಷ್ಟೋ ಭಾಷೆಗಳಿಗೆ ಹೋಯಿತು. 1987ರಲ್ಲಿ ಅಲ್ಲಿನ ಅಧ್ಯಕ್ಷೆ ಕೊರಜಾನ್ ಅಕ್ವಿನೊ ರೇಡಿಯೊ ಕೇಂದ್ರಗಳು ಗಂಟೆಗೆ ಕನಿಷ್ಠ ನಾಲ್ಕು ಸ್ವಂತ ನಾಡಿನ ಹಾಡು ಹಾಕಲೇಬೇಕೆಂದು ಆದೇಶ ಹೊರಡಿಸಿದರು.

ಆದೇಶ ಒಳ್ಳೆಯದೇ. ಆದರೆ ಅಲ್ಲಿ ಹಳೆಯ ಗಾಯಕರನ್ನು ಉಳಿಸಿದ್ದರಲ್ಲಿ ದೊಡ್ಡ ಪಾಲು ಜನರ ಬಾಯಿಯದು. ಹುಟ್ಟುಹಬ್ಬವಿರಲಿ, ಊರಹಬ್ಬವಿರಲಿ, ಅಂಗಳದಲ್ಲೊಂದು ಕರಾವೋಕೆ ಯಂತ್ರ ಬರುತ್ತದೆ. ಅಜ್ಜಿಯಿಂದ ಮೊಮ್ಮಗನವರೆಗೆ ಸರದಿ ಹಿಡಿದು ಹಾಡುತ್ತಾರೆ. ಹಾಡಿನ ಜೊತೆ ಹಾಡುವ ಇಂಥ ಯಂತ್ರಕ್ಕೆ ಎಂಬತ್ತರ ದಶಕದಲ್ಲಿ ಪೇಟೆಂಟ್ ಪಡೆದವರಲ್ಲಿ ರೊಬೆರ್ಟೊ ಡೆಲ್ ರೊಸಾರಿಯೊ ಎಂಬ ಫಿಲಿಪಿನೊ ಒಬ್ಬರು. ದಶಕಗಳ ಹಿಂದಿನ ಬ್ಯಾಂಡಿನ ಹಾಡು ಅಲ್ಲಿನ ಇಪ್ಪತ್ತರ ಹುಡುಗನಿಗೆ ಬರುವುದು ಅವನು ಅದನ್ನು ಅಪ್ಪನ ಜೊತೆ ನಿಂತು ಹಾಡಿದ್ದರಿಂದ. ಯಂತ್ರ ಮನುಷ್ಯನ ಬಾಯಿ ಮುಚ್ಚಿಸಲೇಬೇಕು ಎಂದೇನೂ ಇಲ್ಲ. ಅದನ್ನು ಅಂಗಳದಲ್ಲಿಟ್ಟರೆ ಬಾಯಿ ತೆರೆಸುತ್ತದೆ.

ಅಲ್ಲಿಂದ ಆದೋನಿಗೆ ಹಿಂತಿರುಗಿ ನೋಡಿದಾಗ ನನಗೆ ಕಾಣುವುದು ಇದು. ಗಡಿಯ ಆಚೆ ಉಳಿದ ಕನ್ನಡದ ಬಗ್ಗೆ ಮಾತಾಡುವಾಗ ನಾವು ಶಾಲೆ, ಪಠ್ಯಪುಸ್ತಕ, ಶಿಕ್ಷಕರ ನೇಮಕ ಎನ್ನುತ್ತೇವೆ. ಅವೆಲ್ಲ ಬೇಕು, ಅವುಗಳಿಗಾಗಿ ಕೇಳುತ್ತಲೇ ಇರಬೇಕು. ಆದರೆ ಶಾಲೆ ಸಾಕಷ್ಟು ಕೊಡದ ಎಪ್ಪತ್ತು ವರ್ಷ ಈ ಹಳ್ಳಿಗಳಿಗೆ ಕನ್ನಡವನ್ನು ಕೊಟ್ಟದ್ದು ಹಾಡು. ಅದೂ ಪೆಟ್ಟಿಗೆಯಿಂದ ಬಂದು ಪೆಟ್ಟಿಗೆಯಲ್ಲೇ ಉಳಿದ ಹಾಡಲ್ಲ, ಊರಿನವರು ತಮ್ಮ ದೇವರಿಗೆ, ತಮ್ಮ ದುಃಖಕ್ಕೆ, ತಮ್ಮ ಹೊಲದ ಸಾಲಿಗೆ ಒಗ್ಗಿಸಿಕೊಂಡ ಹಾಡು. ತೆಲುಗು ಅಕ್ಷರದಲ್ಲಿ ಕನ್ನಡ ಪದ ಬರೆದುಕೊಂಡ ಆ ಮನುಷ್ಯ ಭಾಷೆಯನ್ನು ಉಳಿಸುತ್ತೇನೆಂದು ಹೊರಟವನಲ್ಲ. ಅವನಿಗೆ ಶ್ರಾವಣದ ಸೋಮವಾರ ರಾತ್ರಿ ಹಾಡಲು ಒಂದು ಪದ ಬೇಕಿತ್ತು. ಭಾಷೆ ಉಳಿಯುವುದು ಹೀಗೆ, ಬೇರೆ ಯಾವುದೋ ಪ್ರೀತಿಯ ಕೆಲಸ ಮಾಡುತ್ತಿದ್ದವರ ಬಾಯಲ್ಲಿ.

ಹಾಗಾಗಿ ಒಬ್ಬ ಗಾಯಕ ಎಷ್ಟು ದೊಡ್ಡವನೆಂದು ಅಳೆಯುವಾಗ ಅವನನ್ನು ಎಷ್ಟು ಜನ ಕೇಳಿದರು ಎಂಬುದರ ಜೊತೆಗೆ ಅವನಿಂದಾಗಿ ಎಷ್ಟು ಜನ ಹಾಡಿದರು ಎಂದೂ ಕೇಳಬೇಕು. ಈ ಅಳತೆಯಲ್ಲಿ ಪಿ.ಬಿ. ಶ್ರೀನಿವಾಸ್, ಘಂಟಸಾಲ, ಸುಶೀಲಾ, ಜಾನಕಿ, ರಫಿ, ಬಾಲಸುಬ್ರಹ್ಮಣ್ಯಂ ಅವರು ಪ್ರಶಸ್ತಿಗಳ ಪಟ್ಟಿ ತೋರಿಸುವುದಕ್ಕಿಂತ ಎತ್ತರದವರು. ಕೌತಾಳಂನ ಭಜನೆ ಮನೆಗೆ ಅವರು ಕಾಲಿಟ್ಟವರಲ್ಲ, ಹೊಳಗುಂದದ ಮೊಹರಮ್ ಮೇಳದ ಹೆಸರು ಕೇಳಿದವರಲ್ಲ. ಆದರೂ ಅಲ್ಲಿನ ಹಾಡುಗಾರರಿಗೆಲ್ಲ ಅವರು ಗುರುಗಳು.

ಇದನ್ನು ಒಪ್ಪಿಕೊಂಡರೆ ಮಾಡಬೇಕಾದ ಕೆಲಸವೂ ಗೊತ್ತಾಗುತ್ತದೆ, ಅದು ದೊಡ್ಡ ಖರ್ಚಿನದೂ ಅಲ್ಲ. ಗಡಿಯ ಕನ್ನಡ ಶಾಲೆಗಳಲ್ಲಿ ವಾರಕ್ಕೊಂದು ಸಂಜೆ ಊರಿನ ಭಜನೆ ಹಾಡುವವರನ್ನು ಕರೆದು ಮಕ್ಕಳ ನಡುವೆ ಕೂರಿಸಬೇಕು. ಹರಿದುಹೋಗುತ್ತಿರುವ ನೋಟುಬುಕ್ಕುಗಳನ್ನು ಫೋಟೊ ತೆಗೆದಿಟ್ಟುಕೊಳ್ಳಬೇಕು, ಧಾಟಿಯ ಸಾಲಿನ ಸಮೇತ. ಯಾಕೆಂದರೆ ಧಾಟಿ ತಿಳಿಯದ ಪದ ಅರ್ಧ ಪದ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಬಂದವರು ತಗಡಿನ ಶೆಡ್ಡುಗಳ ನಡುವೆ ಒಂದು ಸಂಜೆ ಹಾಡಲು ಕೂತರೆ, ಕರ್ನಾಟಕದ ಕನ್ನಡ ಸಂಘಗಳು ಅವರಿಗೊಂದು ಹಾರ್ಮೋನಿಯಂ, ಒಂದು ಜೊತೆ ತಾಳ ಕೊಡಿಸಬಹುದು. ರಾಜ್ಯೋತ್ಸವದ ವೇದಿಕೆಗೆ ಅವರನ್ನು ಕರೆಯಬಹುದು. ಈಗ ಎಷ್ಟೋ ಹುಡುಗರು ತಮ್ಮೂರಿನ ಭಜನೆಯನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಅದನ್ನು ನೋಡಿ ಸಂತೋಷಪಟ್ಟು ಸುಮ್ಮನಾಗುವ ಬದಲು, ನೋಡಿದ ಪ್ರತಿಯೊಬ್ಬರೂ ಅದರಲ್ಲಿ ಒಂದು ಪದವನ್ನಾದರೂ ಕಲಿತು ಮಗುವಿಗೆ ಹೇಳಿಕೊಡಬೇಕು.

ಹೋದ ದಶಕಗಳ ಗಾಯಕರಿಗೆ ನಾವು ಪ್ರತಿಮೆ ನಿಲ್ಲಿಸುತ್ತೇವೆ, ಹುಟ್ಟುಹಬ್ಬದ ದಿನ ಅವರ ಹಾಡು ಹಾಕುತ್ತೇವೆ. ಅವರು ನಮಗೆ ಕೊಟ್ಟದ್ದು ದನಿ. ಅದಕ್ಕೆ ಸಲ್ಲುವ ಕೃತಜ್ಞತೆಯೂ ದನಿಯಿಂದಲೇ ಆಗಬೇಕು. ಚೆನ್ನಾಗಿ ಹಾಡಲು ಬಾರದವರೂ ಹಾಡಬೇಕು, ಸುತಿ ತಪ್ಪಿದರೂ ಹಾಡಬೇಕು, ನಾಲ್ಕು ಜನ ಕೂಡಿ ಹಾಡಬೇಕು. ರಾಜ್ಯಗಳು ಗೆರೆ ಎಳೆದುಕೊಂಡ ಮೇಲೂ ಆದೋನಿಯ ಹಳ್ಳಿಗಳು ಮಾಡಿದ್ದು ಇದನ್ನೇ. ಕನ್ನಡನಾಡಿನ ನಡುವೆ ಕೂತಿರುವ ನಾವು ಅವರಿಂದ ಕಲಿಯಬೇಕಾದದ್ದೂ ಇದನ್ನೇ.